ಸಂತೆಯಲ್ಲಿ ಮೆಣಸು, ಬೇಲೂರಿನಲ್ಲಿ ಕಲ್ಲು: ನೋಡಿ ಕೊಳ್ಳಿ

ಹಾಸನ, ಚಿಕ್ಕಮಗಳೂರು ಕಡೆಯ ಸಂತೆಗೆ ಬೆಳಿಗ್ಗೆಯೇ ಹೋಗಿ. ಮಧ್ಯಾಹ್ನಕ್ಕೆ ಸೊಪ್ಪು ಬಾಡಿರುತ್ತೆ. ಬರೀ ಚೌಕಾಸಿ ಮುಖ್ಯ ಅನ್ನೋರಿಗೆ ಸಂಜೆಯೇ ಸರಿ.

ಕಾಳುಮೆಣಸಿಗೆ ಮಾತ್ರ ಅವಸರ ಬೇಡ. ಒಂದು ಕಾಳು ಹಲ್ಲಲ್ಲಿ ಕಚ್ಚಿ. ಚೆನ್ನಾಗಿ ಒಣಗಿದ್ದರೆ ಪಟ್ಟನೆ ಒಡೆಯುತ್ತೆ. ಮೆತ್ತಗಿದ್ದರೆ ತೇವ ಉಳಿದಿದೆ: ನೀರಿನ ತೂಕಕ್ಕೂ ದುಡ್ಡು ಕೊಟ್ಟ ಹಾಗೆ, ಮೇಲೆ ಡಬ್ಬಿಯಲ್ಲಿ ಬೂಷ್ಟು ಬೇರೆ. ಲೋಟದ ನೀರಿಗೆ ಹತ್ತಿಪ್ಪತ್ತು ಕಾಳು ಹಾಕಿ ನೋಡಿ. ಗಟ್ಟಿ ಕಾಳು ಮುಳುಗುತ್ತೆ. ತೇಲಿದ್ದು ಜೊಳ್ಳು, ಇಲ್ಲವೇ ಪರಂಗಿ ಬೀಜ. ಪರಂಗಿ ಬೀಜ ದುಂಡಗಿರಲ್ಲ, ಮೊಟ್ಟೆಯಾಕಾರ, ಬಣ್ಣ ಹಸಿರುಗಂದು.

ಕಾಫಿಪುಡಿಗೂ ಲೋಟವೇ ಸಾಕು. ತಣ್ಣೀರ ಮೇಲೆ ಉದುರಿಸಿದರೆ ಕಾಫಿ ತೇಲುತ್ತೆ, ಚಿಕೋರಿ ಕಂದು ಗೆರೆ ಬಿಡುತ್ತಾ ಕೆಳಗಿಳಿಯುತ್ತೆ. ಚಿಕೋರಿ ಬೆರೆಸೋದು ತಪ್ಪಲ್ಲ, ಹೇಳದೆ ಬೆರೆಸೋದು ತಪ್ಪು.

ಬೇಲೂರು, ಹಳೇಬೀಡಿನಲ್ಲಿ ಬಳಪದ ಕಲ್ಲಿನ ವಿಗ್ರಹ ಕೊಳ್ಳೋರು ತಳ ತಿರುಗಿಸಿ ನೋಡಿ. ಅಲ್ಲಿ ಉಳಿಯ ಗುರುತು ಇರಬೇಕು. ಎರಡೂ ಪಕ್ಕದಲ್ಲಿ ಉದ್ದಕ್ಕೆ ಸಣ್ಣ ಏಣು ಕಂಡರೆ ಅದು ಅಚ್ಚಿನ ಮಾಲು. ಕಲ್ಲು ಮೆದು; ಬಸ್ಸಿನ ಕುಲುಕಿಗೆ ಮೊದಲು ಮುರಿಯೋದು ಕೈಬೆರಳು, ಆಮೇಲೆ ಕಿರೀಟದ ತುದಿ. ಆ ಜಾಗಕ್ಕೆ ಮೊದಲು ಬಟ್ಟೆ ಸುತ್ತಿ, ಮೇಲೆ ಪೇಪರ್.