‘ಮುಂದಿನ ಮ್ಯಾಚಿಗೆ ಹೋಗೂಣು’

ನಮ್ಮ ತಂದೆಯವರು ಹುಬ್ಬಳ್ಳಿಯ ರೈಲ್ವೆ ವರ್ಕ್‌ಶಾಪ್‌ನಲ್ಲಿ ಫಿಟರ್ ಆಗಿದ್ದರು. ಪಾಳಿ ಮುಗಿದ ಮೇಲೆ ನನ್ನನ್ನು ಸೈಕಲ್ಲಿನ ಮುಂದೆ ಕೂರಿಸಿಕೊಂಡು ಫುಟ್‌ಬಾಲ್ ಪಂದ್ಯಕ್ಕೆ ಕರೆದೊಯ್ಯುತ್ತಿದ್ದರು. ಅವರು ಮೆಚ್ಚಿದ್ದ ತಂಡ ಮೂರ್ನಾಲ್ಕು ವರ್ಷ ಬಿಡದೆ ಸೋಲತೊಡಗಿದಾಗಲೂ ಅವರು ಅದನ್ನು ಬೈಯಲಿಲ್ಲ. ‘ಇವತ್ತ ಬ್ಯಾಡ, ಮುಂದಿನ ಮ್ಯಾಚಿಗೆ ಹೋಗೂಣು’ ಎಂದು ಒಂದು ಸಂಜೆ ಹೇಳಿದರು, ಆಮೇಲೆ ಇನ್ನೊಂದು ಸಂಜೆಯೂ ಅದನ್ನೇ ಹೇಳಿದರು, ಹಾಗೆಯೇ ನಮ್ಮ ಹೋಗುವಿಕೆ ನಿಂತುಹೋಯಿತು.

ಇಂಗ್ಲೆಂಡಿನ ಸಂಡರ್‌ಲ್ಯಾಂಡ್ ಕ್ಲಬ್ಬಿನ ಕಥೆಯನ್ನು ಓದುವಾಗಲೆಲ್ಲ ನನಗೆ ಆ ಸಂಜೆಗಳು ನೆನಪಾಗುತ್ತವೆ. ಸಂಡರ್‌ಲ್ಯಾಂಡ್ ಕೂಡ ದುಡಿಯುವವರ ಊರು. ಅಲ್ಲಿನ ಹಡಗು ಕಟ್ಟುವ ಕಾರ್ಖಾನೆಗಳು 1988ರಲ್ಲಿ ಮುಚ್ಚಿದವು, 1993ರಲ್ಲಿ ಕಲ್ಲಿದ್ದಲ ಗಣಿಯೂ ಮುಚ್ಚಿತು, ಆ ಗಣಿಯಿದ್ದ ಜಾಗದಲ್ಲಿಯೇ 1997ರಲ್ಲಿ ಕ್ಲಬ್ಬಿನ ಹೊಸ ಮೈದಾನ ಸ್ಟೇಡಿಯಂ ಆಫ್ ಲೈಟ್ ಎದ್ದು ನಿಂತಿತು. 2017ರಲ್ಲಿ ತಂಡ ಇಂಗ್ಲೆಂಡಿನ ಮೊದಲ ಶ್ರೇಣಿಯಾದ ಪ್ರೀಮಿಯರ್ ಲೀಗ್‌ನಿಂದ ಕೆಳಗಿಳಿಯಿತು, ಮರುವರ್ಷ ಇನ್ನೂ ಒಂದು ಮೆಟ್ಟಿಲು ಜಾರಿ ಮೂರನೆಯ ಶ್ರೇಣಿಗೆ ಬಿತ್ತು. ಸರಾಸರಿ 41,000ದಷ್ಟಿದ್ದ ಪ್ರೇಕ್ಷಕರ ಸಂಖ್ಯೆ ಎರಡನೆಯ ಶ್ರೇಣಿಯ ಆ ಒಂದು ವರ್ಷದಲ್ಲಿ 28,000ದ ಆಸುಪಾಸಿಗೆ ಕುಸಿಯಿತು. ಆದರೆ ತಂಡ ಮೂರನೆಯ ಶ್ರೇಣಿಯಲ್ಲಿ ಆಡತೊಡಗಿದಾಗ ಸರಾಸರಿ ಮತ್ತೆ 30,000ವನ್ನು ದಾಟಿತು. 2018ರ ಡಿಸೆಂಬರ್ 26ರಂದು ಬ್ರಾಡ್‌ಫರ್ಡ್ ಸಿಟಿಯ ಎದುರಿನ ಪಂದ್ಯಕ್ಕೆ 46,039 ಜನ ಬಂದರು.

ಶ್ರೇಣಿ ಇಳಿದಂತೆ ಜನ ಕಡಿಮೆಯಾಗಬೇಕೆಂಬ ಲೆಕ್ಕ ಇಲ್ಲಿ ಹೊಂದುವುದಿಲ್ಲ. ಅದಕ್ಕೆ ಕಾರಣವನ್ನು ನಾನು ಅದರ ಹಿಂದಿನ ವರ್ಷದಲ್ಲಿ ಕಾಣುತ್ತೇನೆ: 2016ರ ಡಿಸೆಂಬರ್‌ನಿಂದ 2017ರ ಡಿಸೆಂಬರ್‌ವರೆಗೆ, ಹೆಚ್ಚುಕಡಿಮೆ ಒಂದು ವರ್ಷ, ಆ ತಂಡ ತನ್ನ ಮೈದಾನದಲ್ಲಿ ಒಂದು ಪಂದ್ಯವನ್ನೂ ಗೆದ್ದಿರಲಿಲ್ಲ. ಹಣ ಕೊಟ್ಟು, ಚಳಿಯಲ್ಲಿ ಕುಳಿತು, ಪ್ರತಿ ಸಲವೂ ಮುಖ ಸಪ್ಪಗೆ ಮಾಡಿಕೊಂಡು ಮನೆಗೆ ಮರಳುವವನಿಗೆ ತಂಡ ಯಾವ ಶ್ರೇಣಿಯಲ್ಲಿದೆ ಎಂಬುದಕ್ಕಿಂತ ಮುಂದಿನ ಶನಿವಾರ ಗೆಲ್ಲಬಹುದೇ ಎಂಬುದು ದೊಡ್ಡದು. ಗೆಲುವು ಶುರುವಾದೊಡನೆ ಮರಳಿ ಬಂದವರಲ್ಲಿ ಬಹಳ ಮಂದಿ, ತಾವು ಚಿಕ್ಕವರಿದ್ದಾಗ ಅಪ್ಪನೊಡನೆಯೋ ಅಜ್ಜನೊಡನೆಯೋ ಅಲ್ಲಿ ಕುಳಿತವರೇ ಆಗಿರಬೇಕೆಂದು ನನ್ನ ನಂಬಿಕೆ. 2025ರಲ್ಲಿ ತಂಡ ಪ್ರೀಮಿಯರ್ ಲೀಗ್‌ಗೆ ಮರಳಿದಾಗ ಅದನ್ನು ಎದುರುಗೊಳ್ಳಲು ಒಂದು ಇಡೀ ಊರು ಉಳಿದಿತ್ತು.

ಆದ್ದರಿಂದ ದೀರ್ಘ ಸೋಲಿನ ನಿಜವಾದ ಪೆಟ್ಟು ಆ ವರ್ಷದ ಟಿಕೆಟ್ ಲೆಕ್ಕದಲ್ಲಿ ಕಾಣುವುದಿಲ್ಲ ಎಂದು ನಾನು ಭಾವಿಸುತ್ತೇನೆ. ವಯಸ್ಸಾದವರು ಮನೆಯಲ್ಲಿ ಕುಳಿತೂ ಅಭಿಮಾನಿಗಳಾಗಿಯೇ ಉಳಿಯುತ್ತಾರೆ. ಅವರು ಜೊತೆಗೆ ಕರೆದುಕೊಂಡು ಹೋಗದೆ ಬಿಟ್ಟ ಹುಡುಗ ಮಾತ್ರ ಹದಿನೈದು ಇಪ್ಪತ್ತು ವರ್ಷಗಳ ನಂತರ ಗ್ಯಾಲರಿಯಲ್ಲಿ ಇರುವುದಿಲ್ಲ, ಅವನ ಮಕ್ಕಳೂ ಇರುವುದಿಲ್ಲ. ಸೋಲುತ್ತಿರುವ ಕ್ಲಬ್ಬು ಮೊದಲು ಮಾಡಬೇಕಾದ ಕೆಲಸ ಮಕ್ಕಳಿಗೆ ಬಾಗಿಲನ್ನು ಪುಕ್ಕಟೆಯಾಗಿ ತೆರೆದಿಡುವುದು.

ನನ್ನ ಮಗನಿಗೆ ಈಗ ಹನ್ನೊಂದು ವರ್ಷ. ಇಂಗ್ಲೆಂಡಿನ ಆಟಗಾರರ ಹೆಸರುಗಳನ್ನು ಒಂದೂ ತಪ್ಪದೆ ಹೇಳುತ್ತಾನೆ. ಅವನ ಅಜ್ಜ ಯಾವ ತಂಡಕ್ಕಾಗಿ ಕೂಗುತ್ತಿದ್ದರೆಂಬುದನ್ನು ನಾನು ಅವನಿಗೆ ಹೇಳಿದ್ದು ಮೊನ್ನೆ ಭಾನುವಾರ, ನೆಹರೂ ಮೈದಾನದ ಮುಂದೆ ಹಾದುಹೋಗುವಾಗ.