ಔಟ್‌ಬೋರ್ಡ್ ಮೋಟಾರಿನ ಟೆಂಪರೇಚರ್ ವೈರ್ ಕಳಚಿದಾಗ

ಮಳೆಗಾಲದಲ್ಲಿ ಹರಿಹರ, ಹೊನ್ನಾಳಿ ಕಡೆ ತುಂಗಭದ್ರೆ ಏರಿದಾಗಲೇ ಶೆಡ್ಡಿನಲ್ಲಿ ಟಾರ್ಪಾಲು ಹೊದ್ದು ಕೂತ ಬೋಟ್ ಮೋಟಾರುಗಳ ನೆನಪಾಗುವುದು. ಸೂಳೆಕೆರೆಯಲ್ಲಿ, ವಾಣಿವಿಲಾಸ ಸಾಗರದಲ್ಲಿ ಓಡಿಸುವ ಮೋಟಾರಿಗೂ ಓಡಿದ ದಿನಕ್ಕಿಂತ ನಿಂತ ದಿನ ಹೆಚ್ಚಾದರೆ ಕಾಯಿಲೆ ಒಂದೇ, ವೈರಿಂಗ್. ನಮ್ಮದು ಭತ್ತದ ಸೀಮೆ, ಇಲಿಗೆ ಬರವಿಲ್ಲ. ಮೇಲಿನ ಮುಚ್ಚಳದೊಳಗಿನ ಬೆಚ್ಚನೆಯ ಜಾಗ ಅವಕ್ಕೆ ಹೇಳಿ ಮಾಡಿಸಿದ ಗೂಡು.

ಸ್ಪಾರ್ಕ್ ಪ್ಲಗ್ಗಿನ ವೈರ್ ಹೋದರೆ ಎಂಜಿನ್ ಮಿಸ್ ಹೊಡೆದು ತಾನೇ ಹೇಳುತ್ತದೆ. ಸಿಲಿಂಡರ್ ಹೆಡ್ಡಿನ ಟೆಂಪರೇಚರ್ ವೈರ್ ಹೋದರೆ ಹಳೇ ಮೋಟಾರುಗಳಲ್ಲಿ ಏನೂ ಗೊತ್ತಾಗುವುದಿಲ್ಲ. ಮೋಟಾರು ಎಂದಿನಂತೆ ಸ್ಟಾರ್ಟ್ ಆಗುತ್ತದೆ, ಎಂದಿನಂತೆ ಎಳೆಯುತ್ತದೆ. ಬಿಸಿಯೇರಿದ ದಿನ ಕೂಗಬೇಕಾದ ಬಜರ್ ಕೂಗುವುದಿಲ್ಲ, ಅಷ್ಟೇ. ಪಿಸ್ಟನ್ ಹಿಡಿದುಕೊಂಡು ಎಂಜಿನ್ ನಿಂತಾಗ ಬೋಟು ಹೊಳೆಯ ನಡುವೆ ಇರುತ್ತದೆ. ಅದಕ್ಕೇ ಈ ಒಂದು ವೈರಿಗೆ ಇಷ್ಟು ದೀರ್ಘವಾಗಿ ಬರೆಯುತ್ತಿರುವುದು.

ಹೆಡ್ಡಿನ ಮೇಲಿರುವುದು ಸ್ವಿಚ್ಚೋ ಸೆನ್ಸರೋ ಎಂದು ಮೊದಲು ತಿಳಿದುಕೊಳ್ಳಬೇಕು. ಕಾರ್ಬ್ಯುರೇಟರ್ ಇರುವ ಟೂ ಸ್ಟ್ರೋಕ್ ಮೋಟಾರುಗಳಲ್ಲಿ ಸಾಮಾನ್ಯವಾಗಿ ಥರ್ಮೋ ಸ್ವಿಚ್ ಇರುತ್ತದೆ. ತಣ್ಣಗಿದ್ದಾಗ ಅದರೊಳಗಿನ ಕಾಂಟ್ಯಾಕ್ಟ್ ಬಿಟ್ಟಿರುತ್ತದೆ. ಹೆಡ್ ಮಿತಿ ಮೀರಿ ಕಾದಾಗ ಕೂಡಿಕೊಂಡು ಬಜರಿಗೆ ಅರ್ತ್ ಕೊಡುತ್ತದೆ. ಕೆಲವು ಮಾಡೆಲ್‌ಗಳಲ್ಲಿ ಇದೇ ಸಿಗ್ನಲ್ಲಿನಿಂದ ಆರ್‌ಪಿಎಂ ಕೂಡ ತಾನಾಗಿ ಇಳಿಯುತ್ತದೆ. ವೈರ್ ಕಳಚಿದರೆ ಆ ಅರ್ತ್ ಎಂದೂ ಸಿಗುವುದಿಲ್ಲ, ಎರಡು ರಕ್ಷಣೆಯೂ ಒಟ್ಟಿಗೇ ಹೋಯಿತು.

ಇಎಫ್‌ಐ (ಕಾರ್ಬ್ಯುರೇಟರ್ ಬದಲು ಎಲೆಕ್ಟ್ರಾನಿಕ್ ಆಗಿ ಪೆಟ್ರೋಲ್ ಚಿಮ್ಮಿಸುವ ವ್ಯವಸ್ಥೆ) ಇರುವ ಫೋರ್ ಸ್ಟ್ರೋಕ್‌ಗಳಲ್ಲಿ ಇರುವುದು ಥರ್ಮಿಸ್ಟರ್ ಸೆನ್ಸರ್. ಬಿಸಿ ಏರಿದಂತೆ ಅದರ ರೆಸಿಸ್ಟೆನ್ಸ್ ಇಳಿಯುತ್ತದೆ. ವೈರ್ ಕಡಿದರೆ ರೆಸಿಸ್ಟೆನ್ಸ್ ವಿಪರೀತ ಹೆಚ್ಚಾದಂತೆ ಕಾಣುವುದರಿಂದ ಇಸಿಯು (ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್) ಅದನ್ನು ಕಡು ಚಳಿ ಎಂದೇ ಓದುತ್ತದೆ. ಕೆಲವು ಇಸಿಯು ತಪ್ಪನ್ನು ಹಿಡಿದು ವಾರ್ನಿಂಗ್ ಲೈಟ್ ಹಾಕಿ, ಒಂದು ನಿಗದಿತ ಲೆಕ್ಕದಲ್ಲಿ ಎಂಜಿನ್ ಓಡಿಸುತ್ತವೆ. ಹಾಗೆ ಹಿಡಿಯದಿದ್ದರೆ ಪೆಟ್ರೋಲ್ ಹೆಚ್ಚು ಸುರಿದು ಕಪ್ಪು ಹೊಗೆ, ಮಸಿ ಹಿಡಿದ ಪ್ಲಗ್, ಬಿಸಿಯಾದ ಮೇಲೆ ಸ್ಟಾರ್ಟ್ ಆಗದಿರುವುದು ಎಲ್ಲ ಶುರು. ವೈರ್ ಕಡಿಯುವ ಬದಲು ಬಾಡಿಗೆ ತಾಗಿ ಶಾರ್ಟ್ ಆದರೆ ಇದರ ತದ್ವಿರುದ್ಧ: ತಣ್ಣನೆಯ ಎಂಜಿನ್ ವಿಪರೀತ ಕಾದಿದೆ ಎಂದು ಅಲಾರಂ ಹೊಡೆಯುತ್ತದೆ.

ವೈರುಗಳ ಸಂಖ್ಯೆ ನೋಡಿ ಯಾವುದೆಂದು ತೀರ್ಮಾನಿಸಬೇಡಿ. ಒಂದೇ ವೈರಿನದು ಸ್ವಿಚ್ಚೂ ಆಗಿರಬಹುದು, ಡ್ಯಾಶ್‌ಬೋರ್ಡಿನ ಮೀಟರಿಗೆ ಹೋಗುವ ಸೆಂಡರೂ ಆಗಿರಬಹುದು. ಎಂಜಿನ್ ಪೂರ್ತಿ ತಣಿದಿರುವಾಗ ಕನೆಕ್ಟರ್ ಬಿಚ್ಚಿ ಮಲ್ಟಿಮೀಟರ್ ಹಿಡಿಯಿರಿ. ಒಂಟಿ ವೈರಿನದಾದರೆ ಒಂದು ಕಡ್ಡಿ ಟರ್ಮಿನಲ್ಲಿಗೆ, ಇನ್ನೊಂದು ಎಂಜಿನ್ ಬಾಡಿಗೆ. ಕೆಲವು ಕಿಲೋ ಓಮ್ ತೋರಿಸಿದರೆ ಅದು ಸೆನ್ಸರ್. ಏನೂ ತೋರಿಸದಿದ್ದರೆ ಸ್ವಿಚ್ ಇರಬೇಕು, ಇಲ್ಲವೇ ಸತ್ತ ಸೆನ್ಸರ್. ಅದನ್ನು ಮ್ಯಾನ್ಯುಯಲ್ ನೋಡಿಯೇ ಖಚಿತ ಮಾಡಿಕೊಳ್ಳಬೇಕು.

ಸ್ವಿಚ್ ಎಂದು ಖಚಿತವಾದರೆ ಮುಂದಿನ ಪರೀಕ್ಷೆಗೆ ಒಂದು ನಿಮಿಷ ಸಾಕು. ಎಂಜಿನ್ ಸ್ಟಾರ್ಟ್ ಮಾಡದೆ ಕೀ ಮಾತ್ರ ಆನ್ ಮಾಡಿ. ಸ್ವಿಚ್ಚಿನಿಂದ ಬಿಚ್ಚಿದ ವೈರಿನ ತುದಿಯನ್ನು ಬಣ್ಣವಿಲ್ಲದ, ಹೊಳೆಯುವ ಬೋಲ್ಟಿಗೆ ತಾಗಿಸಿ. ಎರಡು ವೈರಿನದಾದರೆ ಹಾರ್ನೆಸ್ (ವೈರುಗಳ ಕಟ್ಟು) ಕಡೆಯ ಎರಡೂ ಪಿನ್ನುಗಳನ್ನು ಒಂದು ತುಂಡು ವೈರಿನಿಂದ ಕೂಡಿಸಿ. ಬಜರ್ ಕೂಗಿದರೆ ಅಲ್ಲಿಂದ ಬಜರಿನವರೆಗೆ ದಾರಿ ಸರಿಯಿದೆ. ದೋಷ ಸ್ವಿಚ್ಚಿನಲ್ಲಿ ಅಥವಾ ಆ ಜಾಯಿಂಟಿನಲ್ಲಿ. ಕೂಗದಿದ್ದರೆ ಫ್ಯೂಸು, ಬಜರು, ನಡುವಿನ ವೈರು, ಮೂರನ್ನೂ ನೋಡಬೇಕು. ಎಂಜಿನ್ ಓಡುವಾಗ ಮಾತ್ರ ಬಜರ್ ಕೆಲಸ ಮಾಡುವ ಮಾಡೆಲ್‌ಗಳೂ ಇವೆ, ಅದಕ್ಕೂ ಮ್ಯಾನ್ಯುಯಲ್ಲೇ ಗತಿ. ಇಸಿಯು ಇರುವ ಸೆನ್ಸರ್ ವೈರಿಗೆ ಈ ಪರೀಕ್ಷೆ ಬೇಡ. ಅದಕ್ಕೆ ಟೆಸ್ಟ್ ಬಲ್ಬ್ ಹಿಡಿಯುವುದಂತೂ ಬೇಡವೇ ಬೇಡ. ಬಲ್ಬಿನ 12 ವೋಲ್ಟ್ ಆ ಸೂಕ್ಷ್ಮ ಸರ್ಕಿಟ್ಟಿಗೆ ಹೋದರೆ 1 ವೈರಿನ ರಿಪೇರಿ ಇಸಿಯು ಖರೀದಿಯಲ್ಲಿ ಮುಗಿಯುತ್ತದೆ.

ಕಡಿತ ಹುಡುಕುವಾಗ ಬ್ಯಾಟರಿಯ ನೆಗೆಟಿವ್ ಬಿಚ್ಚಿ, ಎಂಜಿನ್ ನಿಲ್ಲಿಸುವ ಕಿಲ್ ಸ್ವಿಚ್ಚಿನ ಕ್ಲಿಪ್ ತೆಗೆದಿಡಿ. ಮೀಟರನ್ನು ಬೀಪ್ ಮೋಡಿಗೆ ಹಾಕಿ ವೈರಿನ ಎರಡೂ ತುದಿ ಹಿಡಿದು, ಇನ್ನೊಬ್ಬರಿಂದ ವೈರನ್ನು ಗೇಣು ಗೇಣಾಗಿ ಅಲುಗಾಡಿಸಿ. ಬೀಪ್ ಎಲ್ಲಿ ತಡವರಿಸುತ್ತದೋ ಅಲ್ಲೇ ರೋಗ. ಹೊರಗಿನ ಪ್ಲಾಸ್ಟಿಕ್ ಸರಿಯಿದ್ದು ಒಳಗಿನ ತಾಮ್ರ ತುಂಡಾಗಿರುವುದು ಸಾಮಾನ್ಯ. ಬೆರಳಿನಿಂದ ಮಡಿಸಿದಾಗ ಒಳ್ಳೆಯ ವೈರ್ ಕಮಾನಿನಂತೆ ಬಾಗುತ್ತದೆ, ತಾಮ್ರ ಕಡಿದ ಜಾಗ ಮಾತ್ರ ಹೂವಿನ ದಾರದಂತೆ ಚೂಪಾಗಿ ಮಡಿಚಿಕೊಳ್ಳುತ್ತದೆ. ಹೆಡ್ಡಿನಿಂದ ಹೊರಬಂದ ಮೊದಲ ತಿರುವು ಮತ್ತು ವೈರ್ ತಳದ ತಟ್ಟೆ ದಾಟುವಲ್ಲಿನ ರಬ್ಬರ್ ಬಳೆ (ಗ್ರಾಮೆಟ್), ಇವೆರಡನ್ನು ಮೊದಲು ನೋಡಿ.

ಮಲ್ಪೆ, ಮಂಗಳೂರು ಕಡೆಯಿಂದ ಹಳೇ ಮೋಟಾರು ತಂದಿದ್ದರೆ ಬುಲೆಟ್ ಕನೆಕ್ಟರನ್ನು ಕೂಡಿದಂತೆ ಬಿಟ್ಟು ಪರೀಕ್ಷಿಸಬೇಡಿ, ಎಳೆದು ನೋಡಿ. ರಬ್ಬರ್ ತೋಳು ಸರಿಸಿದರೆ ಮೈಲುತುತ್ತದ ಬಣ್ಣದ ಪುಡಿ ಉದುರುತ್ತದೆ. ಆ ಉಪ್ಪು ತಾಮ್ರದ ಎಳೆಗಳ ನಡುವೆ ಇಂಗಿ ಮೇಲೇರಿರುತ್ತದೆ. ಒಂದಿಂಚು ಸುಲಿದರೂ ಕಪ್ಪು ಎಳೆಯೇ ಕಂಡರೆ ಇನ್ನೂ ಸುಲಿಯಿರಿ, ಹೊಳೆಯುವ ತಾಮ್ರ ಸಿಗುವವರೆಗೆ. ಕಪ್ಪು ಎಳೆಗೆ ಸೋಲ್ಡರ್ ಹಿಡಿಯುವುದಿಲ್ಲ, ಟರ್ಮಿನಲ್ ಒತ್ತಿ ಕೂಡಿಸಿದರೂ (ಕ್ರಿಂಪ್) ಅದು ಹೆಚ್ಚು ದಿನ ಬಾಳುವುದಿಲ್ಲ.

ರಿಪೇರಿಗೆ ವೈರ್ ಹೊಸೆದು ಟೇಪ್ ಸುತ್ತುವ ಪದ್ಧತಿ ಇಲ್ಲಿ ನಡೆಯುವುದಿಲ್ಲ. ಹೆಡ್ಡಿನ ಬಿಸಿಗೆ ಟೇಪಿನ ಗೋಂದು ಕರಗುತ್ತದೆ, ಎಂಜಿನ್ ನಡುಕಕ್ಕೆ ಗಂಟು ಸಡಿಲವಾಗುತ್ತದೆ. ಆಟೋ ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಕೇಳಬೇಕಾದ್ದು ಇಷ್ಟು: ಹಳೆಯದರಷ್ಟೇ ದಪ್ಪದ, ಬಿಸಿ ತಡೆಯುವ ಮಲ್ಟಿ ಸ್ಟ್ರಾಂಡ್ ವೈರು (ಸಾಮಾನ್ಯವಾಗಿ 0.75ರಿಂದ 1 ಚದರ ಮಿಲಿಮೀಟರ್ ಸಾಕು), ಹಿತ್ತಾಳೆಯ ಬುಲೆಟ್ ಟರ್ಮಿನಲ್ ಜೋಡಿ, ಒಳಗೆ ಅಂಟು ಇರುವ ಹೀಟ್ ಶ್ರಿಂಕ್ ಸ್ಲೀವ್ (ಬಿಸಿ ಮಾಡಿದರೆ ಕುಗ್ಗಿ ಬಿಗಿಯಾಗುವ ತೋಳು). ವೈರಿಗೆ ಸ್ಲೀವ್ ಮೊದಲೇ ತೂರಿಸಿ, ಆಮೇಲೆ ಕ್ರಿಂಪಿಂಗ್ ಪ್ಲೈಯರಿನಿಂದ ಒತ್ತಿ. ಕೈಯಿಂದ ಗಟ್ಟಿಯಾಗಿ ಎಳೆದು ನೋಡಿ. ಆಗ ಬಿಚ್ಚಿಕೊಳ್ಳುವಂಥದ್ದು ನೀರಿನ ಮೇಲೆ ಬಿಚ್ಚಿಕೊಂಡೇ ತೀರುತ್ತದೆ. ಒಂಟಿ ವೈರಿನ ಸ್ವಿಚ್ಚಾದರೆ ಅದು ಕೂರುವ ಜಾಗದ ಬಣ್ಣ, ಕಿಲುಬನ್ನೂ ಉಜ್ಜಿ ತೆಗೆಯಬೇಕು, ಅದರ ಅರ್ತ್ ಸಿಗುವುದೇ ಅಲ್ಲಿಂದ.

ಸ್ವಿಚ್ಚನ್ನೇ ಪರೀಕ್ಷಿಸಲು ಒಂದು ಪಾತ್ರೆ ನೀರು, ಒಂದು ಥರ್ಮಾಮೀಟರ್ ಬೇಕು. ಲೋಹದ ಭಾಗ ಮಾತ್ರ ಮುಳುಗುವಂತೆ ದಾರ ಕಟ್ಟಿ ಇಳಿಬಿಡಿ, ತಳಕ್ಕೆ ತಾಗಬಾರದು. ಸ್ವಿಚ್ಚಿಗೆ ಮೀಟರ್ ಹಿಡಿದು, ನೀರು ನಿಧಾನವಾಗಿ ಕಾಯುವಾಗ ಬೀಪ್ ಯಾವ ಡಿಗ್ರಿಗೆ ಬಂತು, ತಣಿಯುವಾಗ ಯಾವ ಡಿಗ್ರಿಗೆ ನಿಂತಿತು, ಎರಡನ್ನೂ ಬರೆದುಕೊಳ್ಳಿ. ಎರಡರ ನಡುವೆ ಅಂತರ ಇರಲೇಬೇಕು, ಅದು ದೋಷವಲ್ಲ. ಮ್ಯಾನ್ಯುಯಲ್ಲಿನ ಅಂಕಿ 100 ಡಿಗ್ರಿಗಿಂತ ಹೆಚ್ಚಿದ್ದರೆ ನೀರಿನಲ್ಲಿ ಆಗದು, ಎಣ್ಣೆಯಲ್ಲಿ ಎಚ್ಚರದಿಂದ ಮಾಡಬೇಕು.

ಇನ್ನೊಂದು ವಿಷಯ ಮನಸ್ಸಿಟ್ಟು ಓದಿ. ಕಳಚಿದ ವೈರಿನ ತುದಿ ಸ್ವಚ್ಛವಾಗಿದ್ದು, ಮಡಚಿ ಟೈ ಹಾಕಿ ಪಕ್ಕಕ್ಕೆ ಸರಿಸಿಟ್ಟಿದ್ದರೆ ಅದು ತಾನಾಗಿ ಕಳಚಿದ್ದಲ್ಲ. ಬಜರಿನ ಕಿರಿಕಿರಿ ತಾಳದೆ ಯಾರೋ ಬೇಕೆಂದೇ ಬಿಚ್ಚಿದ್ದಾರೆ. ಅಂದರೆ ಆ ಮೋಟಾರು ಹಿಂದೆಯೇ ವಿಪರೀತ ಬಿಸಿಯಾಗುತ್ತಿತ್ತು. ಅಲ್ಲಿ ವೈರ್ ಕೂಡಿಸಿದರೆ ಅರ್ಧ ಕೆಲಸವೂ ಆಗಲಿಲ್ಲ. ಗೇರ್‌ಕೇಸಿನ ಪಕ್ಕದ ನೀರೆಳೆಯುವ ಜಾಲರಿಗೆ ಹೂಳು, ಜೊಂಡು, ಪ್ಲಾಸ್ಟಿಕ್ ಕಟ್ಟಿದೆಯೇ ನೋಡಿ. ಬೇಸಿಗೆಯಲ್ಲಿ ಕೆರೆ ಇಳಿದು ಕೆಸರು ಕದಡುವಾಗ, ಇಲ್ಲವೇ ವರ್ಷಗಟ್ಟಲೆ ಒಣಗಿ ಗಿಡಗಂಟಿ ಬೆಳೆದ ಅಂಚು ಮುಳುಗಿದಾಗ ಈ ತೊಂದರೆ ಹೆಚ್ಚು. 1933ರಲ್ಲಿ ಕೋಡಿ ಬಿದ್ದ ವಾಣಿವಿಲಾಸ ಸಾಗರ ಮತ್ತೆ ಕೋಡಿ ಕಂಡದ್ದು 2022ರಲ್ಲಿ. ನಡುವಿನ ಅಷ್ಟು ವರ್ಷ ಆ ಅಂಚುಗಳಲ್ಲಿ ಏನೇನು ಬೆಳೆದಿರಬೇಕು ಎಂದು ಯೋಚಿಸಿ. ಆಮೇಲೆ ವಾಟರ್ ಪಂಪಿನ ರಬ್ಬರ್ ಇಂಪೆಲ್ಲರ್. ಅದರ ರೆಕ್ಕೆಗಳು ಒಂದೇ ದಿಕ್ಕಿಗೆ ಬಾಗಿ ಹಾಗೇ ಸೆಟೆದುಕೊಂಡಿದ್ದರೆ ಬದಲಿಸಿ. ಒಂದು ರೆಕ್ಕೆ ತುಂಡಾಗಿದ್ದರೆ ಆ ತುಂಡನ್ನೂ ನೀರಿನ ದಾರಿಯಿಂದ ಹುಡುಕಿ ತೆಗೆಯಬೇಕು. ಕೊನೆಗೆ ಥರ್ಮೋಸ್ಟಾಟ್ (ಬಿಸಿಯೇರಿದಾಗ ನೀರಿನ ದಾರಿ ತೆರೆಯುವ ಕವಾಟ) ಮುಚ್ಚಿದಂತೆಯೇ ಸಿಕ್ಕಿಕೊಂಡಿದೆಯೇ ನೋಡಿ.

ಎಲ್ಲ ಜೋಡಿಸಿದ ಮೇಲೆ ಒಣಗಿದ ಮೋಟಾರನ್ನು ಒಂದು ಕ್ಷಣವೂ ಓಡಿಸಬೇಡಿ, ಇಂಪೆಲ್ಲರ್ ಕೆಲವೇ ಸೆಕೆಂಡಿನಲ್ಲಿ ಸುಡುತ್ತದೆ. 200 ಲೀಟರಿನ ಡ್ರಮ್ಮಿನಲ್ಲಿ, ಪ್ರೊಪೆಲ್ಲರಿನ ಮೇಲಿನ ತಟ್ಟೆ ಮುಳುಗುವಷ್ಟು ನೀರು ತುಂಬಿ, ಗೇರ್ ನ್ಯೂಟ್ರಲ್ಲಿನಲ್ಲಿಟ್ಟು ಹತ್ತು ನಿಮಿಷ ಐಡಲಿನಲ್ಲಿ ಬಿಡಿ. ಹಿಂದಿನ ಸಣ್ಣ ರಂಧ್ರದಿಂದ ನೀರಿನ ಧಾರೆ ತಡೆಯಿಲ್ಲದೆ ಬರಬೇಕು. ಡ್ರಮ್ಮಿನ ನೀರೇ ಬಿಸಿಯಾಗುತ್ತದೆ, ನಡುವೆ ತಣ್ಣೀರು ಸುರಿಯುತ್ತಿರಿ. ತಣಿದ ಮೇಲೆ ಸೆನ್ಸರಿನ ಓಮ್ ಎಷ್ಟಿತ್ತು, ಸ್ವಿಚ್ಚಾದರೆ ಎಷ್ಟು ಡಿಗ್ರಿಗೆ ಕೂಡಿತು ಎಂಬುದನ್ನು ತಾರೀಖಿನ ಸಮೇತ ಮುಚ್ಚಳದ ಒಳಮೈ ಮೇಲೆ ಮಾರ್ಕರಿನಿಂದ ಬರೆಯಿರಿ. ಮುಂದಿನ ಮಳೆಗಾಲಕ್ಕೆ ಮುಚ್ಚಳ ತೆಗೆಯುವವರಿಗೆ ಮೊದಲು ಕಾಣಬೇಕಾದ್ದು ಆ ಅಂಕಿ.