ಗಾಲ್ಫ್ ಚೀಲದ ತಿಂಡಿಯ ಜೇಬು

ಗಾಲ್ಫ್ ಆಡುವವರಿಗೆ ಆಟದ ನಡುವೆ ಆಹಾರದ ಚಿಂತೆ ಏಕೆ ಎಂದು ಕೇಳುವವರು ಸಾಮಾನ್ಯವಾಗಿ ಆ ಆಟವನ್ನು ಟೀವಿಯಲ್ಲಷ್ಟೇ ನೋಡಿದವರು. 18 ಹೋಲ್‌ಗಳನ್ನು, ಅಂದರೆ ಚೆಂಡನ್ನು ಗುಳಿಗೆ ಸೇರಿಸುವ ಹದಿನೆಂಟು ಹಂತಗಳನ್ನು, ನಡೆದೇ ಮುಗಿಸಲು ನಾಲ್ಕರಿಂದ ಐದು ಗಂಟೆ ಹಿಡಿಯುತ್ತದೆ, ಚೆಂಡು ಅತ್ತಿತ್ತ ಹಾರಿದ ದಿನ ನಡಿಗೆ 10 ಕಿಲೋಮೀಟರಿನ ಆಸುಪಾಸಿಗೆ ಬರುತ್ತದೆ. ಇದರಲ್ಲಿ ಏದುಸಿರು ಬಿಡುವಂಥ ಶ್ರಮವಿಲ್ಲದಿರುವುದೇ ತೊಡಕು. ದೇಹ ದಣಿದಿರುವುದು ಆಟಗಾರನ ಗಮನಕ್ಕೆ ಬರುವ ಮೊದಲೇ ಅವನ ಲೆಕ್ಕಾಚಾರ ತಪ್ಪತೊಡಗಿರುತ್ತದೆ.

ಎರಡು ದಿನಗಳ ಕ್ಲಬ್ ಸ್ಪರ್ಧೆಯೊಂದರಲ್ಲಿ ಗೆಳತಿಗೆ ಕ್ಯಾಡಿಯಾಗಿ ನಿಂತಾಗ ನನಗೆ ಇದು ಹತ್ತಿರದಿಂದ ಕಾಣಿಸಿತು. ಚೀಲ ಹೊರುವುದರ ಜೊತೆಗೆ ಅದರ ಪಕ್ಕದ ಜೇಬಿನಲ್ಲಿದ್ದ ತಿಂಡಿಯ ಹೊಣೆಯೂ ನನ್ನದಾಗಿತ್ತು. ಎರಡು ಬಾಳೆಹಣ್ಣು, ನಾಲ್ಕು ತುಂಡು ಮಾಡಿದ ಸ್ಯಾಂಡ್‌ವಿಚ್, ಉಪ್ಪು ಬೆರೆತ ಒಂದು ಹಿಡಿ ಬಾದಾಮಿ ಮತ್ತು ಒಣದ್ರಾಕ್ಷಿ, ಒಂದು ಬಾಟಲಿ ಬರಿ ನೀರು, ಇನ್ನೊಂದರಲ್ಲಿ ತುಸು ಸಕ್ಕರೆ, ಉಪ್ಪು ಕಲಸಿದ ನೀರು. ಸ್ಕೋರ್ ಕಾರ್ಡಿನ ಅಂಚಿನಲ್ಲಿ 4, 8, 12, 15 ಎಂಬ ಅಂಕಿಗಳಿಗೆ ಅವಳು ಪೆನ್ಸಿಲಿನಿಂದ ಸುತ್ತು ಹಾಕಿದ್ದಳು. ಆ ಹೋಲ್‌ಗಳು ಮುಗಿದೊಡನೆ, ಗುಳಿಯಿರುವ ಗ್ರೀನ್‌ನಿಂದ ಮುಂದಿನ ಹೋಲ್ ಶುರುವಾಗುವ ಟೀಗೆ ನಡೆಯುವಾಗ, ಹಸಿವಿರಲಿ ಬಿಡಲಿ, ನಾನು ಏನಾದರೂ ಕೈಗೆ ಕೊಡಬೇಕು. ಸರದಿ ಬಂದ ಮೇಲೆ 40 ಸೆಕೆಂಡಿನೊಳಗೆ ಹೊಡೆಯುವುದು ಲೇಸೆಂದು ಗಾಲ್ಫ್ ನಿಯಮಾವಳಿಯೇ ಹೇಳುವಾಗ ಚೆಂಡಿನ ಮುಂದೆ ನಿಂತು ಹಣ್ಣು ಸುಲಿಯಲಾಗದು. ತಿನ್ನಲು ಆ ನಡಿಗೆಯ ಹೊತ್ತೇ ಸರಿ.

ಪ್ರಮಾಣ ನನಗೆ ಮೊದಲು ಕಡಿಮೆಯೆನಿಸಿತ್ತು. ದೂರದ ಓಟಗಾರರಿಗೆ ಗಂಟೆಗೆ 30ರಿಂದ 60 ಗ್ರಾಂ ಕಾರ್ಬೋಹೈಡ್ರೇಟ್ ಬೇಕೆನ್ನುತ್ತಾರೆ, ಮಧ್ಯಮ ಗಾತ್ರದ ಒಂದು ಬಾಳೆಹಣ್ಣಿನಲ್ಲಿ ಇರುವುದು ಸುಮಾರು 25 ಗ್ರಾಂ. ಆದರೆ ನಡೆಯುವವರ ಸ್ನಾಯುಗಳು ಓಡುವವರಷ್ಟು ವೇಗವಾಗಿ ಸಕ್ಕರೆಯನ್ನು ಉರಿಸುವುದಿಲ್ಲವಾದ್ದರಿಂದ ಅರ್ಧ ಹಣ್ಣು, ನಾಲ್ಕು ಬಾದಾಮಿ ಅವಳಿಗೆ ಮುಂದಿನ ಮೂರು ನಾಲ್ಕು ಹೋಲ್‌ಗಳವರೆಗೆ ಸಾಲುತ್ತಿತ್ತು.

ಒಂಬತ್ತನೇ ಹೋಲ್ ಆದ ಮೇಲೆ ನಮ್ಮ ಗುಂಪಿನ ಹಿರಿಯರೊಬ್ಬರು ಕರಿದ ತಿನಿಸಿನ ದೊಡ್ಡ ತಟ್ಟೆಯನ್ನೂ ಸಿಹಿಯಾದ ತಂಪು ಪಾನೀಯವನ್ನೂ ಮುಗಿಸಿ ಬಂದರು. ಹತ್ತನೇ ಟೀಯಲ್ಲಿ ಅವರು ತೇಗುತ್ತ, ಹೊಟ್ಟೆ ಭಾರ ಎಂದು ಬೆಲ್ಟ್ ಸಡಿಲಿಸಿಕೊಂಡರು. ಕೊಬ್ಬು ಹೆಚ್ಚಿದ ಆಹಾರ ಜಠರದಿಂದ ನಿಧಾನವಾಗಿ ಕೆಳಗಿಳಿಯುತ್ತದೆ ಎಂಬುದು ನಿಜ, ಆದರೆ ಆಮೇಲೆ ಅವರ ಆಟ ಕೆಟ್ಟದ್ದಕ್ಕೆ ಅದೊಂದೇ ಕಾರಣವೆಂದು ನಾನು ಹೇಳಲಾರೆ. ಕೆಟ್ಟ ಸ್ವಿಂಗಿಗೆ ಊಟವನ್ನೋ ಗಾಳಿಯನ್ನೋ ದೂರುವುದು ಗಾಲ್ಫ್ ಆಡುವವರ ಹಳೆಯ ಚಾಳಿ.

ಹನ್ನೆರಡನೇ ಗ್ರೀನ್‌ನಲ್ಲಿ ಗೆಳತಿ ಚೆಂಡನ್ನು ಗುಳಿಗೆ ಉರುಳಿಸಲು ಮೂರು ಪಟ್ (ಮೆಲ್ಲಗಿನ ಹೊಡೆತ) ತೆಗೆದುಕೊಂಡಳು. ಕೊನೆಯದು ಒಂದು ಮೀಟರಿಗೂ ಕಡಿಮೆಯಿತ್ತು. ಹಣ್ಣು ಕೊಡಹೋದರೆ, "ಬೇಡ, ಈಗ ನನಗೇನೂ ಸೇರಲ್ಲ" ಎಂದಳು. ಸಿಟ್ಟು ಬಂದಾಗ ಹಸಿವು ತಿಳಿಯುವುದಿಲ್ಲ, ಅಂಥ ಗಳಿಗೆಗೆಂದೇ ಅವಳು ಆ ಸುತ್ತುಗಳನ್ನು ಬೆಳಿಗ್ಗೆಯೇ ಹಾಕಿಟ್ಟಿದ್ದಳು. ನಾನು ಕಾರ್ಡಿನ ಅಂಚನ್ನು ಹೆಬ್ಬೆರಳಿನಿಂದ ತೋರಿಸಿ, ಅರ್ಧ ಸುಲಿದ ಹಣ್ಣನ್ನು ಅವಳತ್ತ ಚಾಚಿದೆ. ಮುಖ ಸಿಂಡರಿಸಿಯೇ ತಿಂದಳು.

ಹದಿಮೂರನೇ ಟೀಯಲ್ಲಿ ಮುಂದಿನ ಗುಂಪು ತಡಮಾಡಿದ್ದರಿಂದ ಕಾಯಬೇಕಾಯಿತು. ಅಲ್ಲಿ ಯಾರೋ ಫ್ಲಾಸ್ಕಿನಿಂದ ಕಾಫಿ ಕೊಡಲು ಬಂದರು, ಅವಳು ಒಲ್ಲೆನೆಂದಳು. ಕೆಫೀನ್ 2004ರಿಂದ ವಿಶ್ವ ಉದ್ದೀಪನ ಮದ್ದು ತಡೆ ಸಂಸ್ಥೆಯ ನಿಷೇಧದ ಪಟ್ಟಿಯಲ್ಲಿಲ್ಲ, ಆದ್ದರಿಂದ ಅಡ್ಡಿ ನಿಯಮದ್ದಲ್ಲ. ಕುಡಿದ ಮುಕ್ಕಾಲು ಗಂಟೆಗೋ ಒಂದು ಗಂಟೆಗೋ ಅದರ ಪ್ರಭಾವ ತುತ್ತತುದಿಗೆ ಏರುವುದರಿಂದ, ಕೊನೆಯ ಹೋಲ್‌ಗಳ ಪಟ್‌ಗಳಲ್ಲಿ ಬೆರಳು ನಡುಗೀತೆಂಬುದು ಅವಳ ಅಳುಕು. ಆಟಕ್ಕೆ ಮುಂಚಿನ ಒಂದು ಲೋಟವೇ ಅವಳಿಗೆ ಸಾಕು.

ಹದಿನಾರನೇ ಹೋಲ್‌ನಲ್ಲಿ ನೀರಿನಾಚೆಯ ಗ್ರೀನ್‌ಗೆ ಹೊಡೆಯಬೇಕಿದ್ದಾಗ ಅವಳು ಏಳನೇ ಐರನ್ ಎಂಬ ಕೋಲನ್ನು ಎತ್ತಿಕೊಂಡು, ಒಂದಿಷ್ಟು ಹುಲ್ಲು ಕಿತ್ತು ಗಾಳಿಗೆ ತೂರಿ ನೋಡಿ, ಆ ಕೋಲನ್ನು ನನಗೆ ಹಿಂತಿರುಗಿಸಿ, ಚೆಂಡನ್ನು ಇನ್ನಷ್ಟು ದೂರ ಒಯ್ಯುವ ಆರನೆಯದನ್ನು ಕೇಳಿದಳು. ಆಟದ ನಾಲ್ಕನೇ ಗಂಟೆಯಲ್ಲಿ ಆ ಮರುಲೆಕ್ಕಕ್ಕೆ ತಾಳ್ಮೆ ಉಳಿದಿತ್ತಲ್ಲ, ತಿಂಡಿಯ ಜೇಬಿಗೆ ನಾನು ಬೆಲೆ ಕೊಡುವುದು ಅದಕ್ಕೆ. ಹಣ್ಣು ತಿಂದರೆ ಚೆಂಡು ದೂರ ಹಾರುತ್ತದೆ ಎಂಬ ಮಾತನ್ನು ನಾನು ನಂಬುವುದಿಲ್ಲ.

ಆಟ ಮುಗಿಸಿ ಬಂದವಳು ತೂಕ ನೋಡಿಕೊಂಡಳು. ಬೆಳಿಗ್ಗೆ 58.4 ಕಿಲೋ ಇದ್ದದ್ದು 57.6ಕ್ಕೆ ಇಳಿದಿತ್ತು, ಇಷ್ಟು ತಿಂದು ಕುಡಿದ ಮೇಲೂ ಉಳಿದ ಈ ಇಳಿಕೆ ಬಹುಪಾಲು ಬೆವರಿನದು. ದೇಹತೂಕದ ಶೇಕಡಾ 2ರಷ್ಟು ನೀರು ಹೋದರೆ ಏಕಾಗ್ರತೆ ಕುಂದುತ್ತದೆ, ಅವಳದು ಅದಕ್ಕಿಂತ ಕಡಿಮೆಯೇ ಇತ್ತು. ಆದರೂ ಅವಳು ಮರುದಿನದ ಕಾರ್ಡಿನ ಹತ್ತನೇ ಅಂಕಿಗೂ ಒಂದು ಸುತ್ತು ಹಾಕಿ, "ಇಲ್ಲಿ ಎರಡೂ ಬಾಟಲಿ ಮತ್ತೆ ತುಂಬಿಸಬೇಕು, ನೆನಪಿರಲಿ" ಎಂದಳು.